ಹಗ್ಗಾಯನೂ ನಮ್ಮೂರ ಸಂಕವೂ

ಬಿದ್ರಗುಳಿ, ಯಲ್ಲಾಪುರ ತಾಲೂಕು
೧೪ ಅಕ್ಟೋಬರ್ ೨೦೨೪

ಸಿಸ್ಟರ್ ಬೆನಿಟಾ ಅವರಿಗೆ ನತಾಲಿನ್‌ಳ ವಂದನೆ.

ಸಿದ್ದಾಪುರದ ಕಾನ್ವೆಂಟಿಗೆ ವರ್ಗವಾಗಿ ಹೊರಡುವಾಗ ನೀವು ನನಗೆ ಎರಡು ಮಾತು ಹೇಳಿದ್ದಿರಿ. ಶಾಲೆ ಬಿಟ್ಟ ಹಾಗೆ ಬೇಕರಿಯ ಕೆಲಸವನ್ನೂ ಬಿಡಬೇಡ ಎಂಬುದು ಒಂದು. ಊರಿನ ಬೈಬಲ್ ಅಧ್ಯಯನದಲ್ಲಿ ನೀನೇ ಓದಬೇಕು, ನಡೆದದ್ದನ್ನು ನನಗೆ ಬರೆಯಬೇಕು ಎಂಬುದು ಇನ್ನೊಂದು. ಫೋನ್ ಬೇಡ, ಫೋನಿನಲ್ಲಿ ನೀನು ವಾದ ಮಾಡುತ್ತೀ, ಬರೆಯುವಾಗ ಸ್ವಲ್ಪ ಯೋಚಿಸುತ್ತೀ ಎಂದಿರಿ. ಬೇಕೆಂದರೂ ಇಲ್ಲಿ ಸಿಗ್ನಲ್ ಇಲ್ಲ.

ಮೊದಲನೆಯದು ಆಗಲಿಲ್ಲ. ಗಿರಾಕಿಯೊಬ್ಬರು ಬನ್ನು ತಾಜಾ ಇದೆಯಾ ಎಂದು ಕೇಳಿದರು. ನಿನ್ನೆಯದು ಎಂದೆ. ಹಾಗಾದರೆ ಪಪ್ಸ್ ಕೊಡು ಎಂದರು. ಅದು ಮೊನ್ನೆಯದು ಎಂದೆ. ಮಾಲೀಕರು ಒಳಗಿನಿಂದ ಬಂದು, "ನೀನು ಬೇಕರಿಯಲ್ಲಿ ಅಲ್ಲ ಮಾರಾಯ್ತಿ, ಕೋರ್ಟಿನಲ್ಲಿ ಇರಬೇಕಾದವಳು" ಎಂದರು. ನಾನು ಅಲ್ಲಿಂದ ಹೊರಟೆ.

ಎರಡನೆಯದು ನಡೆಯುತ್ತಿದೆ, ಆದರೆ ಬಸವನ ಹುಳದ ಹಾಗೆ. ಈ ವರ್ಷ ಎಲ್ಲ ಊರಿಗೂ ಪ್ರವಾದಿ ಹಗ್ಗಾಯನ ಗ್ರಂಥ ಕೊಟ್ಟಿದ್ದಾರಲ್ಲ. ಎರಡೇ ಅಧ್ಯಾಯ. ನಾನು ಒಂದು ಸಂಜೆಯಲ್ಲಿ ಓದಿ ಮುಗಿಸಿದೆ. ಬಾಬಿಲೋನಿನ ಸೆರೆಯಿಂದ ಮರಳಿದ ಯೆಹೂದ್ಯರು ತಮ್ಮ ಮನೆಗಳನ್ನು ಚೆಂದ ಮಾಡಿಕೊಂಡು, ಪಾಳುಬಿದ್ದ ದೇವಾಲಯ ಕಟ್ಟಲು ಮಾತ್ರ "ಕಾಲ ಕೂಡಿ ಬಂದಿಲ್ಲ" ಎನ್ನುತ್ತಿದ್ದರು. ಹಗ್ಗಾಯ ಬಂದು ಬೈದ. ಅವರು ಎದ್ದು ಕಟ್ಟಿದರು. ಬೇರೆ ಪ್ರವಾದಿಗಳನ್ನು ಹೊಡೆದರು, ಬಾವಿಗೆ ಇಳಿಸಿದರು. ಹೇಳಿದ ತಿಂಗಳಲ್ಲೇ ಜನ ಮಾತು ಕೇಳಿದ್ದು ಇವನೊಬ್ಬನದು ಎಂದು ಕಾಣುತ್ತದೆ.

ಆದರೆ ನಮ್ಮ ಇಗರ್ಜಿ ಕಮಿಟಿಯ ಅಧ್ಯಕ್ಷರು ಪಾಸ್ಕಲ್ ಮಾಮ. ಅವರಿಗೆ ಸಭೆ ಎಂದರೆ ಪ್ರಾಣ. ಪ್ರತಿ ಶನಿವಾರ ಅವರ ಜಗುಲಿಯಲ್ಲಿ ವಾರಕ್ಕೆ ಒಂದೇ ವಚನ ಎಂದು ಗೊತ್ತುಮಾಡಿದ್ದಾರೆ. "ಆಳಕ್ಕೆ ಇಳೀಬೇಕು" ಎನ್ನುತ್ತಾರೆ. ನಾಲ್ಕು ವಚನ ಆಗಿದೆ. ಗ್ರಂಥ ಮುಗಿಯುವಾಗ ಮುಂದಿನ ಮಳೆಗಾಲ ಹಿಡಿಯುತ್ತದೆ.

ನಾನು ಅವಸರ ಮಾಡುವುದಕ್ಕೆ ಕಾರಣವಿದೆ. ಹಳ್ಳ ದಾಟಿ ಇಗರ್ಜಿಗೆ ಹೋಗುವ ನಮ್ಮ ಮರದ ಸಂಕ ಜುಲೈಯ ನೆರೆಯಲ್ಲಿ ಕೊಚ್ಚಿಹೋಯಿತು. ಈಗ ನೀರು ಇಳಿದಿದೆ, ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದು ಕಲ್ಲಿನ ಮೇಲೆ ದಾಟುತ್ತಾರೆ. ನಮ್ಮ ರೊಜಿನ್ ಅಜ್ಜಿಯ ಮೊಣಕಾಲಿಗೆ ಅದು ಆಗುವುದಿಲ್ಲ. ರಸ್ತೆ ಸುತ್ತಿ ವಾಹನದಲ್ಲಿ ಹೋಗೋಣ ಎಂದರೆ ಒಲ್ಲಳು. ಹೊತ್ತುಕೊಂಡು ಹೋಗುತ್ತೇವೆ ಎಂದೆವು. "ನನ್ನನ್ನ ಹೊತ್ಕೊಂಡು ಇಗರ್ಜಿಗೆ ಹೋಗೂದು ಒಂದೇ ಸಲ. ಆ ದಿನ ಬಂದಾಗ ಹೊರಿ, ನಾ ಬೇಡ ಹೇಳೂದಿಲ್ಲ" ಎಂದಳು. ಕ್ರಿಸ್‌ಮಸ್ಸಿಗೆ ನಡೆದೇ ಹೋಗಬೇಕಂತೆ. ಮುಂದಿನ ಕ್ರಿಸ್‌ಮಸ್ಸಿಗೆ ತಾನಿರುತ್ತೇನೆಂದು ನಂಬಿಕೆ ಇಲ್ಲವಂತೆ. ಹೋದ ವರ್ಷವೂ ಹಾಗೇ ಹೇಳಿದ್ದಳು, ಆದರೆ ಹೋದ ವರ್ಷ ನಗುತ್ತಾ ಹೇಳಿದ್ದಳು.

ಸಂಕದ ಮಾತು ಎತ್ತಿದೆ. ಪಾಸ್ಕಲ್ ಮಾಮ, "ಅಧ್ಯಯನ ಮುಗೀಲಿ, ಆಮೇಲೆ ನಿರ್ಧಾರ. ಹಗ್ಗಾಯ ಹೇಳಿದ್ದು ದೇವರ ಆಲಯದ ವಿಷಯ. ಅಂದರೆ ಇಗರ್ಜಿ ಎದುರಿಗೆ ನಾವು ಕಟ್ಟಬೇಕಂತಿರೋ ಕಮಾನು. ಸಂಕ ಆಲಯ ಅಲ್ಲ" ಎಂದರು.

ಸಂಕ ಆಲಯವೋ ಅಲ್ಲವೋ? ಬೇಗ ತಿಳಿಸಿ.

ಇಂತಿ,
ಸದ್ಯಕ್ಕೆ ಕೆಲಸವಿಲ್ಲದ ನತಾಲಿನ್


ಸಿದ್ದಾಪುರ
೨೧ ಅಕ್ಟೋಬರ್

ಪ್ರೀತಿಯ ನತಾಲಿನ್,

ಮೊನ್ನೆಯ ಪಪ್ಸ್ ಕೊಳ್ಳದೆ ಉಳಿದ ಆ ಗಿರಾಕಿಗಾಗಿ ದೇವರಿಗೆ ಸ್ತೋತ್ರ. ನಿನಗಾಗಿ ಬೇರೆ ಪ್ರಾರ್ಥನೆ ಮಾಡುತ್ತಿದ್ದೇನೆ.

ಪ್ರಶ್ನೆಗೆ ಬರುತ್ತೇನೆ. ಯೆರೂಸಲೇಮಿನ ಆಲಯವನ್ನು ತೋರಿಸಿ ಯೇಸು, ಇದನ್ನು ಕೆಡವಿರಿ, ಮೂರು ದಿನದಲ್ಲಿ ಎಬ್ಬಿಸುತ್ತೇನೆ ಎಂದಾಗ ತನ್ನ ದೇಹದ ಬಗ್ಗೆ ಹೇಳಿದ. ಸಂತ ಪೌಲ ಮುಂದೆ ಹೋಗಿ, ಆಲಯ ಅಂದರೆ ನೀವೇ ಎಂದು ಜನರಿಗೆ ಬರೆದ. ಆದ್ದರಿಂದ ನಾವು ಹಗ್ಗಾಯನನ್ನು ಓದುವಾಗ ಕಲ್ಲು ಮರದಲ್ಲಿ ನಿಲ್ಲದೆ ಜನರವರೆಗೆ ಬರಬೇಕು. ಆ ಲೆಕ್ಕದಲ್ಲಿ ನಿನ್ನ ಅಜ್ಜಿಯ ಮೊಣಕಾಲು ಆಲಯದ ಒಂದು ಕಂಬ. ಕಮಾನು ಕಟ್ಟಿ ಕಂಬವನ್ನು ಹಳ್ಳದ ಆಚೆ ಬಿಡುವುದು ಜಾಣತನವಲ್ಲ.

ಇದನ್ನು ಪಾಸ್ಕಲರಿಗೆ ಮೆತ್ತಗೆ ಹೇಳು. ಮೆತ್ತಗೆ ಎಂದರೆ ಏನೆಂದು ಗೊತ್ತಿಲ್ಲದಿದ್ದರೆ ಅಮ್ಮನನ್ನು ಕೇಳು.

ಕ್ರಿಸ್ತನಲ್ಲಿ,
ಸಿಸ್ಟರ್ ಬೆನಿಟಾ


ಬಿದ್ರಗುಳಿ
೧೧ ನವೆಂಬರ್

ಸಿಸ್ಟರ್,

ಮೆತ್ತಗೆ ಹೇಳಿದೆ. "ಮಾಮಾ, ಸಿಸ್ಟರ್ ಪ್ರಕಾರ ನೀವು ಜಾಣರಲ್ಲ" ಎಂದೆ. ಇನ್ನೂ ಮೆತ್ತಗೆ ಹೇಗೆ ಹೇಳುವುದೋ ನನಗೆ ತಿಳಿಯಲಿಲ್ಲ.

ಈ ಶನಿವಾರ ಎಂಟನೆಯ ವಚನ. ಅಲ್ಲಿ ದೇವರು ಏನು ಹೇಳುತ್ತಾನೆ ನಿಮಗೆ ಗೊತ್ತು: ಬೆಟ್ಟಕ್ಕೆ ಹೋಗಿ, ಮರ ತನ್ನಿ, ಕಟ್ಟಿ. ನಾನು ಗಟ್ಟಿಯಾಗಿ ಓದಿದೆ. ಎಲ್ಲರೂ ಪಾಸ್ಕಲ್ ಮಾಮನ ಮುಖ ನೋಡಿದರು. ಅವರು ನಿವೃತ್ತ ಫಾರೆಸ್ಟ್ ವಾಚರ್ ಅಲ್ಲವೇ.

ಮಾಮ ಕನ್ನಡಕ ತೆಗೆದು ಒರೆಸಿದರು. "ಬೆಟ್ಟಕ್ಕೆ ಹೋಗಿ ಮರ ತಂದರೆ ಹಗ್ಗಾಯನ ಮೇಲೂ ಕೇಸ್ ಆಗ್ತದೆ" ಎಂದರು.

"ದೇವರೇ ಹೇಳಿದ್ದಲ್ಲ ಮಾಮಾ?" ಎಂದ ಇನಾಸ. ಗಾರೆ ಕೆಲಸದವನು, ಬಾಯಿ ಸುಮ್ಮನಿರುವುದಿಲ್ಲ.

"ದೇವರು ಹೇಳಿದ್ದು ಯೆಹೂದದ ಬೆಟ್ಟ. ಇದು ಮೀಸಲು ಅರಣ್ಯ."

"ಹಂಗಾರೆ ದೇವರಿಗೆ ಪಾಸ್ ಮಾಡಿಸ್ಲಿಕ್ಕೆ ಹೇಳ್ರಿ."

ಅಲ್ಲಿಂದ ಅಧ್ಯಯನ ಪೂರ್ತಿ ಅರಣ್ಯ ಕಾಯ್ದೆಯದೇ ಆಯಿತು. ತಾನೇ ಬಿದ್ದ ಮರಕ್ಕೆ ಏನು ಶಿಕ್ಷೆ, ನೆರೆಯಲ್ಲಿ ತೇಲಿಬಂದ ಮರ ಯಾರದು, ಸೊಲೊಮೋನ ಲೆಬನೋನಿನಿಂದ ದೇವದಾರು ತರಿಸುವಾಗ ಪರವಾನಿಗೆ ಇತ್ತೇ. ಅಷ್ಟು ಆಳಕ್ಕೆ ನಾವು ಯಾವ ವಚನದಲ್ಲೂ ಇಳಿದಿರಲಿಲ್ಲ. ಎಂಟನೆಯ ವಚನವನ್ನು ಮುಂದಿನ ವಾರಕ್ಕೂ ಮುಂದುವರಿಸಿದ್ದಾರೆ.

ನಾನು, ಅಡಿಕೆ ಮರದ ಸಂಕ ಹಾಕಬಹುದಲ್ಲ, ಅದು ತೋಟದ ಮರ ಎಂದೆ. ಮಾಮ ಒಪ್ಪಲಿಲ್ಲ. "ಅಡಿಕೆ ಮರ ಎರಡು ಮಳೆಗಾಲಕ್ಕೆ ಕೊಳೀತದೆ. ದೇವರ ಕೆಲಸ ಶಾಶ್ವತ ಇರಬೇಕು. ಕಟ್ಟಿದರೆ ಸಿಮೆಂಟಿಂದೇ." ಸಿಮೆಂಟಿನ ಸಂಕ ಮಂಜೂರಾಗುವುದನ್ನು ಕಾಯುತ್ತಾ ಇದೇ ಊರಿನಲ್ಲಿ ಇಬ್ಬರು ಅಧ್ಯಕ್ಷರು ತೀರಿಕೊಂಡಿದ್ದಾರೆ.

ಆದರೂ ಅವರ ಮಾತು ನನ್ನ ತಲೆಯಲ್ಲಿ ಕೂತಿದೆ. ಹಗ್ಗಾಯ ಕಟ್ಟಿಸಿದ ಆಲಯವೂ ಕೊನೆಗೆ ಬಿತ್ತಲ್ಲ ಸಿಸ್ಟರ್? ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎಂದು ಯೇಸುವೇ ಹೇಳಿದ. ಬೀಳುವುದೆಂದು ಗೊತ್ತಿದ್ದೂ ದೇವರು ಯಾಕೆ ಬೈದು ಬೈದು ಕಟ್ಟಿಸಿದ? ಇದನ್ನು ಕೇಳಿದ್ದಕ್ಕೆ ಮಾಮ, "ಹತ್ತನೇ ಕ್ಲಾಸು ಮುಗಿಸಿದ್ರೆ ಗೊತ್ತಾಗ್ತಿತ್ತು" ಎಂದರು. ಹತ್ತನೆಯ ತರಗತಿಯಲ್ಲಿ ಹಗ್ಗಾಯ ಇಲ್ಲ.

ಕ್ರಿಸ್ತರಾಜನ ಹಬ್ಬದ ದಿನ ಯಲ್ಲಾಪುರದಲ್ಲಿ ಎಲ್ಲ ಊರುಗಳ ಸಮಾವೇಶ. ಪ್ರತಿ ವರ್ಷ ಬೇರೆ ಊರುಗಳಿಗೆ ಭಾಷಣ, ನಾವು ಸಿದ್ದಿಗಳು ಎಂದು ನಮಗೆ ಢಮಾಮಿ ಡೋಲಿನ ಕುಣಿತ. ಈ ವರ್ಷ ಮಾಮ ಫಾದರ್ ಹತ್ತಿರ ಹೋಗಿ ನಮಗೂ ಭಾಷಣ ಬೇಕೆಂದು ಕೇಳಿ ತಂದಿದ್ದಾರೆ. ಹಗ್ಗಾಯನಿಂದ ನಾವು ಕಲಿತದ್ದೇನು ಎಂದು ಹೇಳಬೇಕು. ಚೆನ್ನಾಗಿ ಓದುತ್ತೇನೆಂದು ನನ್ನನ್ನೇ ನಿಲ್ಲಿಸುತ್ತಾರಂತೆ. ಭಾಷಣ ಅವರೇ ಬರೆದಿದ್ದಾರೆ. ಅದರಲ್ಲಿ ಕಮಾನು ಆರು ಸಲ ಬರುತ್ತದೆ, ಸಂಕ ಒಮ್ಮೆಯೂ ಇಲ್ಲ.

ನತಾಲಿನ್


ಸಿದ್ದಾಪುರ
೧೮ ನವೆಂಬರ್

ನತಾಲಿನ್,

ಬೀಳುವ ಆಲಯದ ಪ್ರಶ್ನೆ ಸುಲಭದ್ದಲ್ಲ. ನಾನು ಹತ್ತನೆಯ ತರಗತಿ ಮುಗಿಸಿದ್ದೇನೆ, ಆದರೂ ಥಟ್ಟನೆ ಉತ್ತರ ಬರಲಿಲ್ಲ. ಯೋಚಿಸಿ ಬರೆಯುತ್ತೇನೆ.

ಸಮಾವೇಶದಲ್ಲಿ ಬರೆದುಕೊಟ್ಟದ್ದನ್ನು ಓದಿ ಕೆಳಗೆ ಇಳಿದು ಬಾ. ದಯವಿಟ್ಟು.

ಸಿ. ಬೆನಿಟಾ


ಇಸಳೂರು, ಶಿರಸಿ
೨೭ ನವೆಂಬರ್

ಸಿಸ್ಟರ್,

ವಿಳಾಸ ನೋಡಿ ನಿಮಗೆ ಅರ್ಧ ತಿಳಿದಿರಬಹುದು. ಇಸಳೂರಿನಲ್ಲಿ ಚಿಕ್ಕಮ್ಮ ಹೊಸದಾಗಿ ಬಾಡಿಗೆಗೆ ಹಿಡಿದ ಮನೆಯಲ್ಲಿದ್ದೇನೆ. ಶಿರಸಿ ಪೇಟೆಯ ಒಂದು ರೆಡಿಮೇಡ್ ಬಟ್ಟೆ ಅಂಗಡಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೇನೆ.

ನಿಮ್ಮ ಕಾಗದ ಜೇಬಿನಲ್ಲೇ ಇತ್ತು. ಓದಿ ಇಳಿಯುತ್ತೇನೆ ಎಂದೇ ವೇದಿಕೆ ಹತ್ತಿದೆ. ಮೊದಲ ಸಾಲು "ಹಗ್ಗಾಯನ ಸಂದೇಶವು ನಮ್ಮ ಊರನ್ನು ಎಚ್ಚರಿಸಿದೆ" ಎಂದಿತ್ತು. ಅಷ್ಟು ಓದಿದಾಗ ಎದುರಿಗೆ ನಮ್ಮೂರವರ ಸಾಲು ಕಂಡಿತು. ಇನಾಸ ಆಕಳಿಸುತ್ತಿದ್ದ. ಅಜ್ಜಿ ಅಲ್ಲಿ ಇರಲಿಲ್ಲ. ನನ್ನ ಬಾಯಿ ಮುಂದಕ್ಕೆ ಹೋಗಲಿಲ್ಲ ಸಿಸ್ಟರ್. ಕಾಗದ ಮಡಚಿದೆ.

"ಇದು ನಿಜ ಅಲ್ಲ. ನಾವು ಎಚ್ಚರ ಆಗಿಲ್ಲ. ಹಗ್ಗಾಯ ಹೇಳಿದ ಜನ ತಿಂಗಳೊಳಗೆ ಕೆಲಸಕ್ಕೆ ಇಳಿದರು. ನಾವು ಎರಡು ತಿಂಗಳಿಂದ ಓದುತ್ತಿದ್ದೇವೆ, ಸಂಕ ಇನ್ನೂ ಹಾಕಿಲ್ಲ. ಕಾಲ ಬಂದಿಲ್ಲ ಎಂದು ಅವರು ಸುಮ್ಮನೆ ಹೇಳುತ್ತಿದ್ದರು. ನಾವು ಹಗ್ಗಾಯನನ್ನೇ ಹಿಡಿದುಕೊಂಡು ಹೇಳುತ್ತಿದ್ದೇವೆ. ಅದಕ್ಕೇ ನಾವು ಬಿತ್ತಿದ್ದು ಬಹಳ, ಕೊಯ್ದದ್ದು ಸ್ವಲ್ಪ, ಅದಕ್ಕೇ ಆಕಾಶ ನಮಗೆ ಮಂಜು ಸುರಿಸುವುದಿಲ್ಲ" ಎಂದು ಹನ್ನೊಂದನೆಯ ವಚನದ ತನಕ ಬಾಯಿಪಾಠ ಹೇಳಿ ಇಳಿದೆ.

ಪೇಟೆಯವರು ನಕ್ಕರು. ಕೆಲವರು ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ, "ಇವರಿಗೆ ಕುಣಿತವೇ ಸಾಕಿತ್ತು" ಎಂದರು. ಅದು ಪಾಸ್ಕಲ್ ಮಾಮನಿಗೆ ಕೇಳಿಸಿತು. ನನಗೂ ಕೇಳಿಸಿತು.

ವ್ಯಾನ್ ಊರಿಗೆ ಬಂತು. ಇಳಿಯುವಾಗ ಮಾಮ ನನ್ನ ಕಡೆ ನೋಡದೆ, "ನಮ್ಮೂರಿಗೆ ಮೊದಲನೇ ಸಲ ಮೈಕು ಕೊಟ್ಟಿದ್ರು" ಎಂದರು. ಮರುದಿನ ಬೆಳಿಗ್ಗೆ ಶಿರಸಿ ಬಸ್ ಹತ್ತಿದೆ. ಶನಿವಾರದ ಅಧ್ಯಯನ ನಿಲ್ಲಿಸಿದ್ದಾರೆಂದು ಅಮ್ಮ ಯಲ್ಲಾಪುರಕ್ಕೆ ಹೋದಾಗ ಇಲ್ಲಿಗೆ ಫೋನ್ ಮಾಡಿ ಹೇಳಿದಳು. ಅಜ್ಜಿ ಹಬ್ಬಕ್ಕೆಂದು ತೆಗೆದಿಟ್ಟಿದ್ದ ಸೀರೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಿದಳಂತೆ.

ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಹಗ್ಗಾಯ ಮಾಡಿದ್ದನ್ನೇ ಮಾಡಿದೆ. ಅವನ ಮಾತಿಗೆ ಆಲಯ ಎದ್ದಿತು, ನನ್ನ ಮಾತಿಗೆ ಇದ್ದ ಅಧ್ಯಯನವೂ ಬಿತ್ತು. ಯಾಕೆ?

ಬಟ್ಟೆ ಅಂಗಡಿಯೂ ಬಹಳ ದಿನ ಇರಲಾರದು. ಮದುಮಗಳೊಬ್ಬಳಿಗೆ ಆ ಹಳದಿ ಒಪ್ಪುವುದಿಲ್ಲ ಎಂದುಬಿಟ್ಟೆ. ಅವಳ ಅತ್ತೆ ಆರಿಸಿದ್ದಂತೆ.

ನತಾಲಿನ್


ಸಿದ್ದಾಪುರ
೧ ಡಿಸೆಂಬರ್

ಪ್ರೀತಿಯ ನತಾಲಿನ್,

ನಿನ್ನ ಭಾಷಣ ಎಲ್ಲಿಗೆ ಮುಗಿಯಿತು ಎಂದು ನೀನೇ ಬರೆದಿದ್ದೀಯ. ಹನ್ನೊಂದನೆಯ ವಚನಕ್ಕೆ. ಹಗ್ಗಾಯ ಅಲ್ಲಿಗೆ ನಿಲ್ಲಿಸಲಿಲ್ಲ ಮಗೂ. ಹನ್ನೆರಡರಲ್ಲಿ ಜನ ಹೆದರಿದರು. ಹದಿಮೂರರಲ್ಲಿ ಅವನು ಮತ್ತೆ ಬಾಯಿ ತೆರೆದು ಒಂದೇ ಮಾತು ಹೇಳಿದ: ನಾನು ನಿಮ್ಮ ಜೊತೆ ಇದ್ದೇನೆ ಎನ್ನುತ್ತಾನೆ ದೇವರು. ಅವರು ಎದ್ದದ್ದು ಅದಾದ ಮೇಲೆ. ಬೈಗುಳಕ್ಕೇ ಎದ್ದಿದ್ದರೆ ಎಲ್ಲ ಪ್ರವಾದಿಗಳ ಕಾಲದಲ್ಲೂ ಏಳಬೇಕಿತ್ತು. ನಮಗೆ ಆ ಹದಿಮೂರನೆಯ ವಚನಕ್ಕೆ ಒಂದು ಹೆಸರೇ ಇದೆ, ಇಮ್ಮಾನುವೇಲ, ದೇವರು ನಮ್ಮ ಜೊತೆ ಎಂದು ಅರ್ಥ, ಹುಟ್ಟಿದ ಯೇಸುವಿನದೇ ಹೆಸರು. ಅದರ ಹಬ್ಬಕ್ಕೇ ನಿನ್ನ ಅಜ್ಜಿ ನಡೆದು ಹೋಗಬೇಕೆಂದಿರುವುದು.

ಹಗ್ಗಾಯ ಹೇಳಿ ಶಿರಸಿ ಬಸ್ ಹತ್ತಲಿಲ್ಲ.

ನಿನ್ನ ಹಳೆಯ ಪ್ರಶ್ನೆಗೆ ಈಗ ಉತ್ತರ ಹೊಳೆದಿದೆ. ಆ ಆಲಯ ಬೀಳುವಂಥದ್ದೇ. ಹಿಂದಿನದಕ್ಕಿಂತ ಇದರ ಮಹಿಮೆ ಹೆಚ್ಚು ಎಂದು ಹಗ್ಗಾಯ ಹೇಳಿದಾಗ ಮುದುಕರು ಅತ್ತಿರಬೇಕು, ಅಷ್ಟು ಸಣ್ಣದಿತ್ತು. ಆದರೆ ಅದು ಬೀಳುವ ಮೊದಲು ಒಂದು ದಿನ ಬಡ ತಾಯಿಯೊಬ್ಬಳು ಕೂಸು ಯೇಸುವನ್ನು ಎತ್ತಿಕೊಂಡು ಒಳಗೆ ಬಂದಳು. ಅಲ್ಲಿ ಕಾಯುತ್ತಾ ಕೂತಿದ್ದ ಮುದುಕಿಯೊಬ್ಬಳು ಆ ಕೂಸನ್ನು ಕಂಡಳು. ಕಟ್ಟಿದ್ದಕ್ಕೆ ಅಷ್ಟು ಸಾಕಾಯಿತು ಎಂದು ನಾನು ನಂಬುತ್ತೇನೆ. ಎರಡು ಮಳೆಗಾಲ ಎಂದರೆ ಎರಡು ಕ್ರಿಸ್‌ಮಸ್. ಪಾಸ್ಕಲರು ಇದನ್ನು ಯೋಚಿಸಿಲ್ಲ.

ಹಳದಿಯ ವಿಷಯದಲ್ಲಿ ಆ ಮದುಮಗಳು ನಿನ್ನನ್ನು ಜೀವನಪೂರ್ತಿ ನೆನೆಯುತ್ತಾಳೆ. ಈಗ ಊರಿಗೆ ಹೋಗು.

ಸಿ. ಬೆನಿಟಾ


ಬಿದ್ರಗುಳಿ
೧೬ ಡಿಸೆಂಬರ್

ಸಿಸ್ಟರ್,

ಬಂದಿದ್ದೇನೆ. ಬಟ್ಟೆ ಅಂಗಡಿಯವರು ತಡೆಯಲಿಲ್ಲ.

ನೇರ ಪಾಸ್ಕಲ್ ಮಾಮನ ಜಗುಲಿಗೆ ಹೋಗಿ ಕೂತೆ. ಮಾಮ ಕತ್ತಿ ಮಸೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಎಂತ ಹೇಳ್ಲಿಕ್ಕೆ ಬಂದಿ? ಮೈಕು ತರ್ಸಬೇಕಾ?"

"ಎಂತ ಇಲ್ಲ. ಕೂತ್ಕೊಳ್ಳಿಕ್ಕೆ ಬಂದೆ."

ಮಾಮಿ ಚಾ ಕೊಟ್ಟರು. ಕುಡಿದು, ಕತ್ತಲಾಗುವ ತನಕ ಕೂತು ಎದ್ದು ಬಂದೆ. ಮರುದಿನವೂ ಹೋದೆ. ಸುಮ್ಮನೆ ಕೂರುವುದು ನನಗೆ ಎಷ್ಟು ಕಷ್ಟ ಎಂದು ನೀವು ನನ್ನ ಹಿಂದಿನ ಬೆಂಚಿನ ಕಾಲದಿಂದ ಬಲ್ಲಿರಿ. ಮೂರನೆಯ ದಿನ ಮಾಮನಿಗೆ ತಡೆಯಲಾಗಲಿಲ್ಲ.

"ನೀ ಹೇಳಿದ್ದು ಸುಳ್ಳಲ್ಲ, ಅದೇ ನಂಗೆ ಸಿಟ್ಟು" ಎಂದರು. ಮತ್ತೆ ಕತ್ತಿಯನ್ನು ಬದಿಗಿಟ್ಟು, "ನಾ ವಾಚರ್ ಇದ್ದಾಗ ಇದೇ ಊರಿನವರ ಹೆಗಲ ಮೇಲಿಂದ ಮರ ಇಳಿಸ್ದವ. ಇನಾಸನ ಅಪ್ಪನ ಕೊಡಲಿ ಕಿತ್ಕೊಂಡವ. ಈಗ ನಾನೇ, ಬರ್ರಿ, ಮರ ಹೊರಿ ಅಂದ್ರೆ ಯಾವ ಮುಖದಲ್ಲಿ ಹೇಳೂದು? ನಗ್ತಾರೆ" ಎಂದರು.

ಇದು ನನಗೆ ಗೊತ್ತೇ ಇರಲಿಲ್ಲ ಸಿಸ್ಟರ್. ಅವರಿಗೆ ಸಭೆಯ ಹುಚ್ಚು ಎಂದುಕೊಂಡಿದ್ದೆ.

ನಗುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ನಗುತ್ತಾರೆ. ಅದಕ್ಕೇ, "ನಗ್ತಾರೆ ಮಾಮಾ. ಮರದ ಇನ್ನೊಂದು ತುದಿ ನಾ ಹಿಡೀತೆ, ನನ್ನನ್ನೂ ನೋಡಿ ನಗ್ಲಿ" ಎಂದೆ. ಎರಡು ಮಳೆಗಾಲ ಅಂದರೆ ಎರಡು ಕ್ರಿಸ್‌ಮಸ್ ಎಂದು ನೀವು ಬರೆದದ್ದನ್ನೂ ಹೇಳಿದೆ. ಮಾಮ ಬೆರಳು ಮಡಚಿ ನೋಡಿ, "ಹೌದಲ್ಲ" ಎಂದರು.

ಇಬ್ಬರೂ ಸೀತಾರಾಮ ಹೆಗಡೆಯವರ ಮನೆಗೆ ಹೋದೆವು. ಊರಿನ ಅರ್ಧ ಜನ ಅವರ ತೋಟದಲ್ಲೇ ದುಡಿಯುವುದು. ಆಗಸ್ಟಿನ ಗಾಳಿಗೆ ಬಿದ್ದ ಮರಗಳು ಅಲ್ಲೇ ಇದ್ದವು.

"ತಗಂಡು ಹೋಗ್ರಿ ಮಾರಾಯ, ಸುಮ್ನೆ ಬಿದ್ಕಂಡು ಕೊಳೀತಾ ಅದೆ" ಎಂದರು ಹೆಗಡೆಯವರು.

ಮಾಮ ಕದಲಲಿಲ್ಲ. "ಮರ ನಿಮ್ಮ ತೋಟದ್ದೇ ಹೇಳಿ ಒಂದು ಚೀಟಿ ಬರ್ದು ಕೊಡ್ರಿ."

"ಅಡಿಕೆ ಮರಕ್ಕೆ ಚೀಟಿ ಯಾರು ಕೇಳ್ತಾರೋ?"

"ನಾ ಕೇಳ್ತಿದ್ದೆ" ಎಂದರು ಮಾಮ.

ಹೆಗಡೆಯವರು ನಕ್ಕು ನಕ್ಕು ಜಗುಲಿಯ ಕಂಬ ಹಿಡಿದುಕೊಂಡರು. ಚೀಟಿ ಬರೆದೂ ಕೊಟ್ಟರು.

ಮೊದಲ ಮರ ಹೊತ್ತು ಕೇರಿಯೊಳಗೆ ಬಂದೆವು, ಮುಂದೆ ಮಾಮ, ಹಿಂದೆ ನಾನು. ಇನಾಸ ಅಂಗಳದಿಂದಲೇ ಕೂಗಿದ, "ವಾಚರ್ ಸಾಹೇಬ್ರೇ, ಮರ ಇಳಿಸ್ರಿ, ಕೇಸ್ ಬರೀಬೇಕು!" ಇಡೀ ಕೇರಿ ನಕ್ಕಿತು. ಮಾಮ ನಿಂತರು. ಹೆಗಲ ಮೇಲಿನ ಮರ ಅಲ್ಲಾಡುವುದು ನನ್ನ ಕೈಗೆ ತಿಳಿಯಿತು. ಅಳುತ್ತಿದ್ದಾರೋ ಎಂದು ಹೆದರಿದೆ. ನಗುತ್ತಿದ್ದರು.

"ಬರಿ ಬರಿ, ನನ್ನ ಹೆಸರಲ್ಲೇ ಬರಿ. ಬರ್ದಾದ ಮೇಲೆ ಬಂದು ಹೊರು" ಎಂದರು.

ಇನಾಸ ಬಂದ. ಅವನ ಹಿಂದೆ ಉಳಿದವರೂ ಬಂದರು.

ಹಗ್ಗಾಯ ಎರಡನೆಯ ಅಧ್ಯಾಯದಲ್ಲಿ, ಎಲ್ಲ ಜನಾಂಗಗಳ ಬೆಲೆಯುಳ್ಳದ್ದು ಈ ಆಲಯಕ್ಕೆ ಬರುತ್ತದೆ ಎನ್ನುತ್ತಾನಲ್ಲ, ಅದು ಹೆಗಡೆಯವರ ಅಡಿಕೆ ಮರವೇ ಇರಬಹುದೇ ಎಂದು ಮಾಮ ನಿಮ್ಮನ್ನು ಕೇಳಲು ಹೇಳಿದ್ದಾರೆ. ಅದು ಕ್ರಿಸ್ತನನ್ನು ಕುರಿತದ್ದೆಂದು ಹಿರಿಯರು ಹೇಳುತ್ತಾರೆಂದು ಅವರಿಗೂ ಗೊತ್ತು. ಆದರೂ ಕೇಳು ಎಂದಿದ್ದಾರೆ.

ಕೈಯಲ್ಲಿ ಬೊಕ್ಕೆ ಎದ್ದಿದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ನತಾಲಿನ್


ಸಿದ್ದಾಪುರ
೧೯ ಡಿಸೆಂಬರ್

ನತಾಲಿನ್,

ಅಡಿಕೆ ಮರವೂ ಇರಬಹುದು ಎಂದು ಪಾಸ್ಕಲರಿಗೆ ಹೇಳು. ಕ್ರಿಸ್ತ ಮುನಿಸಿಕೊಳ್ಳುವುದಿಲ್ಲ, ಅವನು ಬಡಗಿಯ ಮನೆಯಲ್ಲಿ ಬೆಳೆದವನು.

ಸಂಕದ ಬದಿಗೆ ಕೈ ಹಿಡಿಕೆ ಕಟ್ಟುವುದನ್ನು ಮರೆಯಬೇಡಿ.

ಸಿ. ಬೆನಿಟಾ


ಬಿದ್ರಗುಳಿ
೨೬ ಡಿಸೆಂಬರ್

ಪ್ರೀತಿಯ ಸಿಸ್ಟರ್,

ಹಬ್ಬದ ಶುಭಾಶಯ. ಸಂಕ ಸೋಮವಾರ ಮುಗಿಯಿತು. ಬಿದಿರಿನ ಹಿಡಿಕೆ ಎರಡೂ ಕಡೆ ಇದೆ. ಮುಗಿದ ಕೂಡಲೇ ಊರಿನ ಮುದುಕರೆಲ್ಲ ಬಂದು ನೋಡಿ, ಹಳೇ ಸಂಕ ಇದಕ್ಕಿಂತ ಅಗಲ ಇತ್ತು, ಹಳೇ ಸಂಕ ಅಲ್ಲಾಡುತ್ತಿರಲಿಲ್ಲ ಎಂದರು. ಹಗ್ಗಾಯನ ಕಾಲದಲ್ಲೂ ಮುದುಕರು ಹೀಗೇ ಅಂದರೆಂದು ಪಾಸ್ಕಲ್ ಮಾಮ ಅವರಿಗೆ ಎರಡನೆಯ ಅಧ್ಯಾಯ ತೆರೆದು ತೋರಿಸಿದರು. ಒಂದೇ ದಿನದಲ್ಲಿ ಮೂರು ವಚನ ಓದಿದರು ಸಿಸ್ಟರ್!

ನಿನ್ನೆ ಬೆಳಿಗ್ಗೆ ಎಂಟಕ್ಕೆ ಪೂಜೆ. ಅಜ್ಜಿ ಆರಕ್ಕೇ ಸೀರೆ ಉಟ್ಟು ಬಾಗಿಲಲ್ಲಿ ಕೂತಿದ್ದಳು. ಹಳ್ಳದ ತನಕ ನನ್ನ ಹೆಗಲು ಹಿಡಿದು ಬಂದಳು. ಸಂಕದ ಬುಡದಲ್ಲಿ ನನ್ನನ್ನು ಬಿಟ್ಟಳು. ಆಚೆ ದಡದಲ್ಲಿ ಫಾದರ್ ಪೂಜೆಯ ಬಟ್ಟೆಯಲ್ಲೇ ಬಂದು ನಿಂತಿದ್ದರು. ಅವರ ಪಕ್ಕದಲ್ಲಿ, ಕಲ್ಲಿನ ಮೇಲೆ ದಾಟಿ ಹೋಗಿದ್ದ ಪಾಸ್ಕಲ್ ಮಾಮ. ಈಚೆ ಇಡೀ ಊರು ಸಾಲು ನಿಂತಿತ್ತು. ಅಜ್ಜಿಗಿಂತ ಮೊದಲು ಕಾಲಿಡಲು ಯಾರಿಗೂ ಧೈರ್ಯವಿಲ್ಲ.

ಅಜ್ಜಿ ನಡುವೆ ಹೋಗಿ ನಿಂತುಬಿಟ್ಟಳು. ಮಾಮ ಈ ಕಡೆ ಎರಡು ಹೆಜ್ಜೆ ಬಂದು ಕೈ ಚಾಚಿದರು, "ಬಾ ರೊಜಿನಕ್ಕಾ, ಹಿಡ್ಕೋ."

"ಕೈ ತೆಗಿ" ಎಂದಳು ಅಜ್ಜಿ. "ಸಂಕ ಕಟ್ಟಿದ್ದು ನಡೀಲಿಕ್ಕೋ, ಎಳೀಲಿಕ್ಕೋ? ನಾ ಮೀನು ನೋಡ್ತಿದ್ದೆ."

ಫಾದರ್ ವಾಚು ನೋಡಿಕೊಂಡರು. ಮೀನು ನೋಡಿ ಮುಗಿದ ಮೇಲೆ ಅಜ್ಜಿ ದಾಟಿದಳು. ಪೂಜೆ ತಡವಾಗಿ ಶುರುವಾಯಿತು. ಫಾದರ್ ಪ್ರಸಂಗ ಹೇಳುವ ಹೊತ್ತಿಗೆ ಅವಳು ಮೊದಲನೆಯ ಬೆಂಚಿನಲ್ಲಿ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸಲು ಹೋದ ನನ್ನನ್ನು ಫಾದರ್ ಕೈಸನ್ನೆಯಲ್ಲಿ ತಡೆದರು. ಪಾಸ್ಕಲ್ ಮಾಮ ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡೆ. ಅದನ್ನು ಬರೆಯಬೇಡ ಎಂದಿದ್ದಾರೆ. ಕಂಡದ್ದನ್ನು ಬಿಟ್ಟು ಬರೆಯುವುದು ನನ್ನಿಂದ ಆಗಲಿಲ್ಲ.

ಊಟದ ಹೊತ್ತಿಗೆ ಮನೆಯಲ್ಲಿ ಅಜ್ಜಿ ಇಲ್ಲ. ಗಾಬರಿಯಿಂದ ಹಳ್ಳಕ್ಕೆ ಓಡಿದೆ. ನೋಡಿದರೆ ಆಚೆಯಿಂದ ಈಚೆಗೆ ದಾಟಿ ಬರುತ್ತಿದ್ದಾಳೆ, ಹಿಡಿಕೆಯನ್ನು ಒಂದೇ ಕೈಯಲ್ಲಿ ಹಿಡಿದು.

"ಎಲ್ಲಿಗೆ ಹೋಗಿದ್ದೆ ಅಜ್ಜಿ? ಇಗರ್ಜಿಗೆ ಬೀಗ ಹಾಕಿ ಎಷ್ಟೊತ್ತಾಯ್ತು!"

"ಇಗರ್ಜಿಗೆ ಯಾರು ಹೋದ್ರು? ದಾಟ್ಲಿಕ್ಕೆ ಬಂದದ್ದು."

ಹಾಗೆಂದು ಈಚೆ ದಡಕ್ಕೆ ಬಂದು, ತಿರುಗಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಆಚೆಗೆ ಹೊರಟಳು. ನಾನು ದಡದ ಕಲ್ಲಿನ ಮೇಲೆ ಕೂತೆ. ಮನೆಯಲ್ಲಿ ಸಾರು ಆರುತ್ತಿತ್ತು. ಅವಳಿಗೂ ಅವಸರ ಇರಲಿಲ್ಲ, ನನಗೂ ಇರಲಿಲ್ಲ.

ಇಂತಿ ನಿಮ್ಮ,
ನತಾಲಿನ್